ನಮ್ಮ ಮಾವನ ಪೊಲೀಸ್ ಗೌಡಕಿ

ಇಡೀ ನಿಜಾಮರ ರಾಜ್ಯದಲ್ಲಿ ಜನರೇ ಆರಿಸಿದ ಪೊಲೀಸ್ ಗೌಡ ಒಬ್ಬನೇ ಇದ್ದ, ಅವನು ನನ್ನ ಸೋದರಮಾವ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ. ನಿಜಾಮರಿಗೆ ಮಾತ್ರ ಈ ಸುದ್ದಿ ಕೊನೆಯವರೆಗೂ ಮುಟ್ಟಲಿಲ್ಲ, ಪಾಪ!

ಕುಷ್ಟಗಿ ಸೀಮೆಯ ನಮ್ಮ ಹಳ್ಳಿಯಲ್ಲಿ ಕಳ್ಳಕಾಕರಿಂದ ಊರು ಕಾಯುವ ಪೊಲೀಸ್ ಗೌಡಕಿ ಅಪ್ಪನಿಂದ ಮಗನಿಗೆ ಬರುತ್ತಿತ್ತು. ಕಚೇರಿಯವರು ಮೊಹರು ಒತ್ತಿದರೆ ಮುಗಿಯಿತು. ಮಾವನ ಎತ್ತಿನ ಜೋಡಿ ಕಳುವಾದ ದಿನ ಗೌಡರು ಸಾವಕಾಶವಾಗಿ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಬಂದು, "ಇಷ್ಟೊತ್ತಿಗೆ ಅವು ಸರಹದ್ದು ದಾಟಿರ್ತಾವ, ಬಿಡಪಾ" ಎಂದರು. ಮಾವ ಅಂದೇ ಪಟ್ಟು ಹಿಡಿದ.

"ಊರು ಕಾಯಾಂವನ್ನ ಊರಾಗಿನ ಮಂದಿನ ಆರಿಸಬೇಕ್ರಿ ಗೌಡ್ರ. ನೀವೂ ನಿಲ್ರಿ, ನಾನೂ ನಿಲ್ತೀನಿ."

ಗೌಡರಿಗೂ ಹೊತ್ತು ಹೋಗುತ್ತಿರಲಿಲ್ಲ. ಒಪ್ಪಿಬಿಟ್ಟರು.

ಚಾವಡಿಯಲ್ಲಿ ಎರಡು ಗಡಿಗೆ ಇಟ್ಟರು, ಒಂದು ಗೌಡರದು, ಒಂದು ಮಾವನದು. ಮನೆಗೊಂದು ಹರಳು ಹಾಕಬೇಕು. ಸಂಜೆ ಸುರಿದು ನೋಡಿದರೆ ಎರಡರಲ್ಲೂ ಸಮಸಮ! ಅದೂ ಊರಿನ ಮನೆಗಳಿಗಿಂತ ಹರಳೇ ಇಮ್ಮಡಿ! ಇದೇನೆಂದು ಕೇಳಿದರೆ ನೆರೆಮನೆಯ ಮುದುಕಿ ಹೇಳಿದಳು: "ಒಬ್ಬರಿಗೆ ಹಾಕಿ ಒಬ್ಬರಿಗೆ ಬಿಟ್ರ ಬ್ಯಾಸರ ಆಗಂಗಿಲ್ಲೇನಪಾ? ಇಬ್ಬರೂ ನಮ್ಮವರ. ಎಲ್ಲಾರೂ ಇಬ್ಬರಿಗೂ ಹಾಕೀವಿ."

ಗೌಡರು ಬಿದ್ದು ಬಿದ್ದು ನಕ್ಕರು. ಮಾವ ನಗಲಿಲ್ಲ.

"ನನಗ ಹಾಕದ ಮನಿ ಒಂದರ ಐತೇನ್ರಿ? ಇಲ್ಲ. ಅಂದಮ್ಯಾಲೆ ನಾ ಆರಿಸಿ ಬಂದಂಗ. ನಿಮ್ಮ ಗಡಿಗ್ಯಾಗ ಏನೈತಿ ಅನ್ನೂದು ನಿಮಗ ಬಿಟ್ಟಿದ್ದು."

ಇಂಥವನ ಜೊತೆ ಯಾರು ವಾದ ಮಾಡುತ್ತಾರೆ?

ಮರುದಿನದಿಂದಲೇ ಬಡಿಗೆ ಹಿಡಿದು ಗಸ್ತು ಶುರುವಾಯಿತು, ಅದೂ ನಡುಮಧ್ಯಾಹ್ನ. ಎಲ್ಲರೂ ಹೊಲಕ್ಕೆ ಹೋಗಿ ಮನೆಗಳು ಬರಿದಾಗುವುದು ಆಗಲೇ ಅಲ್ಲವೇ? ಮೊದಲು ಸಿಕ್ಕಿಬಿದ್ದವನು ನನ್ನ ಅಪ್ಪ. ಮರೆತ ಕುಡುಗೋಲಿಗೆಂದು ಹೊಲದಿಂದ ಬಂದವನು ದಾರಿ ಉಳಿಸಲು ಹಿತ್ತಲ ಗೋಡೆ ಹಾರುತ್ತಿದ್ದ. ಮಾವ ಧೋತರ ಹಿಡಿದು ಜಗ್ಗಿದ.

"ಇದು ನಮ್ಮನಿನ ಐತಲ್ಲೋ ಮಾರಾಯಾ!"

"ಎಲ್ಲಾ ಕಳ್ಳರೂ ಹಂಗ ಅಂತಾರ್ರಿ ಮಾಮಾ. ಗುರ್ತು ಹೇಳಾವರನ್ನ ಕರೀರಿ."

ಅಂದು ಹೊಲಕ್ಕೆ ಹೋಗದೆ ಮನೆಯಲ್ಲಿದ್ದ ಅವ್ವ ಹೊರಬಂದು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲೋ ನೋಡಿದಂಗ ಐತಪಾ" ಎಂದಳು. ಅಪ್ಪ ಎರಡು ದಿನ ಅವಳ ಜೊತೆ ಮಾತು ಬಿಟ್ಟ.

ಸಂಬಳವಿಲ್ಲ, ಮೊಹರಿಲ್ಲ. ಆದರೂ ವರ್ಷಗಟ್ಟಲೆ ಮಾವ ಗಸ್ತು ತಪ್ಪಿಸಲಿಲ್ಲ. ನಾವು ನಗುವುದನ್ನೂ ಬಿಡಲಿಲ್ಲ.

ಆಮೇಲೆ ನಿಜಾಮರ ಆಳ್ವಿಕೆಯ ಕೊನೆಯ ದಿನಗಳು ಬಂದವು. ಸುತ್ತಲ ಹಳ್ಳಿಗಳಲ್ಲಿ ಲೂಟಿ ನಡೆದಿತ್ತು. ಸರಹದ್ದಿನಾಚೆ ಗಜೇಂದ್ರಗಡಕ್ಕೆ ಹೋಗಿಬಿಡೋಣವೆಂದು ಊರಿಗೆ ಊರೇ ಬಂಡಿ ಕಟ್ಟಿತು. ಎಲ್ಲಕ್ಕಿಂತ ಮುಂದಿದ್ದ ಗೌಡರ ಬಂಡಿ, ಬಡಿಗೆ ಹಿಡಿದು ನಿಂತಿದ್ದ ಮಾವನೆದುರು ನಿಂತಿತು. ಗೌಡರು ಇಳಿದರು, ತಮ್ಮ ವಾಡೆಯ ಕೀಲಿಕೈಯನ್ನು ಅವನ ಅಂಗೈಯಲ್ಲಿಟ್ಟರು, ತಲೆ ತಗ್ಗಿಸಿ ಹೋದರು. ಅವರ ಹಿಂದೆ ನೆರೆಮನೆಯ ಆ ಮುದುಕಿ, ಅವಳ ಹಿಂದೆ ಉಳಿದವರೆಲ್ಲ ಒಬ್ಬೊಬ್ಬರಾಗಿ ಬಂದು ಕೊಟ್ಟರು. ಕೈ ತುಂಬಿದ ಮೇಲೆ ಮಾವ ಕೀಲಿಕೈಗಳನ್ನು ಧೋತರದ ಸೆರಗಿಗೆ ಕಟ್ಟಿಕೊಂಡ.

"ನೀನೂ ಬಂಡಿ ಹತ್ತೋ ತಮ್ಮಾ" ಎಂದಳು ಅವ್ವ. "ಜೀವ ಹ್ವಾದ್ರ ಗೌಡಕಿ ತಗೊಂಡು ಏನ್ ಮಾಡ್ತಿ?"

"ಹೆಂಗ ಬರ್ಲಿ ಅಕ್ಕಾ? ಇವತ್ತ ಖರೇನ ಆರಿಸ್ಯಾರ."

ಅವನ ದನಿ ನಡುಗುತ್ತಿತ್ತು. ಅವನಿಗೂ ಹೆದರಿಕೆಯಾಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಓಡಿಹೋಗಿ ಅವನನ್ನು ತಬ್ಬಿಕೊಳ್ಳಬೇಕೆನಿಸಿತು.

ಅವ್ವ ಬಂಡಿಯಿಂದ ಇಳಿದಳು. "ಊರು ಕಾಯಾಂವಗ ರೊಟ್ಟಿ ಬಡಿಯಾಕ ಯಾರರ ಇರಬೇಕಲ್ಲ" ಎಂದು ಮನೆಯೊಳಗೆ ಹೋಗಿ ಒಲೆ ಹೊತ್ತಿಸಿದಳು. ಅಪ್ಪ ಎತ್ತು ಬಿಚ್ಚಿದ.