ಸುಂಕದ ಗೇಟಿನಲ್ಲಿ ವಾರದ ಪಾಲು

ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ನನಗೆ ಅರವತ್ತು. ಕಿವಿ ಚುರುಕು, ಬಾಯಿ ಇನ್ನೂ ಚುರುಕು.

ಗೂಡಲೂರು ರಸ್ತೆ ಅಗಲ ಮಾಡೋಕೆ ನಮ್ಮ ಟೀ ತೋಟದ ಅಂಚು ಹೋಯಿತು. ಊರ ಸಭೆಗೆ ಬಂದ ಆಫೀಸರು ಹೊಸ ಕಾನೂನು ಬಿಡಿಸಿ ಹೇಳಿದರು. ನೆಲ ಸರ್ಕಾರದ್ದು, ಬಂಡವಾಳ ಕಂಪನಿಯದು, ಇಬ್ಬರೂ ಪಾಲುದಾರರು. ಕಂಪನಿ ರಸ್ತೆ ಹಾಕಿ, ಕೆಲವು ವರ್ಷ ಗೇಟಲ್ಲಿ ಸುಂಕ ಎತ್ತಿ, ಆಮೇಲೆ ರಸ್ತೆಯನ್ನು ಸರ್ಕಾರಕ್ಕೆ ಒಪ್ಪಿಸುತ್ತದಂತೆ.

ಅಷ್ಟು ದೊಡ್ಡ ಕಾನೂನು ನನಗೆ ಒಂದೇ ಏಟಿಗೆ ಅರ್ಥವಾಯಿತು. ನಾವು ಆಲೂಗೆಡ್ಡೆ ಹೊಲ ವಾರಕ್ಕೆ ಕೊಡೋದಿಲ್ಲವೇ, ಅದೇ! ಒಬ್ಬರ ನೆಲ, ಇನ್ನೊಬ್ಬರ ದುಡಿಮೆ, ಬೆಳೆಯಲ್ಲಿ ಮೂರಕ್ಕೊಂದು ಪಾಲು ನೆಲದವರಿಗೆ. ಗೆಡ್ಡೆ ಕೀಳುವ ದಿನ ನೆಲದವರು ಹೋಗಿ ಬದುವಿನ ಮೇಲೆ ಕೂರಬೇಕು. ಕೂರದಿದ್ದರೆ ಪಾಲಿಗೆ ನಾಮ.

ಗೇಟು ಶುರುವಾದ ದಿನ ನಮ್ಮ ಟೀ ಎಲೆಯ ಮೂಟೆಯನ್ನೂ ಯಜಮಾನರನ್ನೂ ಮಾದಪ್ಪನ ವ್ಯಾನಿಗೆ ಹತ್ತಿಸಿದೆ. ಕೇರಿಯವರೆಲ್ಲರ ಎಲೆ ಫ್ಯಾಕ್ಟರಿಗೆ ಒಯ್ಯೋನು ಅವನೇ. ವ್ಯಾನು ಕೇರಿಯೆಲ್ಲ ಸುತ್ತಿ ಬರೋ ಮುಂಚೆಯೇ ನಾನು ಹೊಸ ಸೀರೆ ಉಟ್ಟು ನಡೆದು ಹೋಗಿ, ಗೇಟಿನ ಅಡ್ಡಗಂಬದ ಕೆಳಗೆ ಮಣೆ ಹಾಕಿ ಕೂತೆ.

ಟೈ ಕಟ್ಟಿದ ತಮಿಳು ಮ್ಯಾನೇಜರು ಓಡಿ ಬಂದ. ಅವರ ಮಾತಲ್ಲಿ ಅಜ್ಜಿ ಅಂದರೆ ಪಾಟಿ. "ಪಾಟಿ, ಏಳಿ."

"ನಾನು ನೆಲದವಳು. ನೀನು ಸುಂಕ ಎತ್ತು, ನಾನು ನೋಡ್ತೀನಿ. ಮೂರರಲ್ಲಿ ಒಂದು ಪಾಲು ನಂದು."

ಅವನು ಊಟಿಯ ಆಫೀಸಿಗೆ ಫೋನು ಮಾಡಿದ. ಊಟಿಯವರು ಇನ್ನೆಲ್ಲಿಗೋ ಮಾಡಿದರು. ಬಸ್ಸು, ಕಾರು, ತರಕಾರಿ ಲಾರಿ ಎಲ್ಲ ತಿರುವಿನಾಚೆವರೆಗೂ ನಿಂತವು. ಟೂರಿಸ್ಟರು ಫೋಟೋ ಹಿಡಿದರು, ನಾನು ಸೆರಗು ಸರಿಮಾಡಿಕೊಂಡೆ. ಸಾಲಿನ ಬಾಲದಲ್ಲಿ ಮಾದಪ್ಪನ ಹಾರನ್ನು ಕೇಳಿಸಿತು. ನನ್ನ ಕಡೆ ನಿಂತ ಎಂದು ಹಿಗ್ಗಿದೆ. ಅವನೋ, ಮೂಟೆಯಲ್ಲಿ ಅದುಮಿದ ಎಲೆ ಬಿಸಿಯೇರಿ ಕೆಂಪಾಗ್ತಿದೆ, ಫ್ಯಾಕ್ಟರಿಯವರು ಮುಟ್ಟಲ್ಲ ಅಂತ ಬಡಕೊಳ್ಳುತ್ತಿದ್ದ!

ಕೊನೆಗೆ ಯಜಮಾನರು ನಡೆದು ಬಂದರು.

"ಪರಿಹಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದು ಯಾರೇ?"

"ನಾನೇ."

"ಅದು ವಾರ ಅಲ್ಲ ಕಣೇ, ಮಾರಾಟ. ಮಾರಿದ ಎಮ್ಮೆ ಹಾಲು ಕರೆಯೋಕೆ ಕೂತಿದೀಯ. ಅದೂ ಆ ದುಡ್ಡಿನ ಸೀರೆ ಉಟ್ಕೊಂಡು."

ಏಳೋಣವೆಂದರೆ ಮಂಡಿ ಹಿಡಿದುಬಿಟ್ಟಿತ್ತು. ಒಂದು ರಟ್ಟೆ ಮ್ಯಾನೇಜರು, ಇನ್ನೊಂದು ರಟ್ಟೆ ಯಜಮಾನರು ಹಿಡಿದು ಎತ್ತಿದರು. ಅಂದು ಅಲ್ಲಿ ಸರಿಯಾಗಿ ನಡೆದ ಪಾಲುದಾರಿಕೆ ಅದೊಂದೇ. ಕೇರಿಯ ಎಲೆಯೆಲ್ಲ ಚರಂಡಿ ಸೇರಿತು, ನಮ್ಮದೂ ಜೊತೆಗೆ.

ಮಾರನೆ ಬೆಳಿಗ್ಗೆ ಮಾದಪ್ಪ ನನ್ನ ಮೂಟೆ ಬಿಟ್ಟೇ ಹೋದ. ತಲೆ ಮೇಲೆ ಹೊತ್ತು ನಡೆದೆ. ಗೇಟಿನ ಮ್ಯಾನೇಜರು ದೂರದಿಂದಲೇ ಕೈ ಮುಗಿದ. "ನಡೆದು ಹೋಗೋರಿಗೆ ಸುಂಕ ಇಲ್ಲ ಪಾಟಿ, ಕಾನೂನಲ್ಲೇ ಇದೆ" ಎಂದ. ಕಂಬ ಮಾತ್ರ ಎತ್ತಲಿಲ್ಲ. ಮೂಟೆ ಇಳಿಸಿ, ಕಂಬದಡಿಗೆ ತಳ್ಳಿ, ಅದರ ಹಿಂದೆ ನಾನೂ ಅಂಬೆಗಾಲಲ್ಲಿ ನುಸುಳಿದೆ.