ಹಚ್ಚಬಾರದ ಬ್ಯಾಟರಿಗಳು

ನಮ್ಮ ಮನೆಯಲ್ಲಿ ನಗಬೇಕೆಂದರೆ ಟೀವಿ ಹಾಕಬೇಕಾಗಿಲ್ಲ, ಯಜಮಾನರು ಬ್ಯಾಟರಿ ಒರೆಸಲು ಕೂತರೆ ಸಾಕು, ಒಂದಲ್ಲ ಒಂದು ಆಗೇ ಆಗುತ್ತದೆ. ಬ್ಯಾಟರಿ ಎಂದರೆ ಟಾರ್ಚು. ನಮ್ಮ ಶಹಾಪುರದಲ್ಲಿ ಹಾಗೇ ಅನ್ನುವುದು. ಇವರು ಕಚೇರಿಯಲ್ಲಿ ಗುಮಾಸ್ತರು. ಸಂತೆ, ಗುಜರಿ ಎಲ್ಲ ಸುತ್ತಿ ಹಳೇ ಕಾಲದ ಬ್ಯಾಟರಿ ಕೂಡಿಹಾಕಿ ಗಾಜಿನ ಕಪಾಟು ತುಂಬಿಸಿದ್ದಾರೆ. ಒಂದಕ್ಕೂ ಸೆಲ್ ಹಾಕುವಂತಿಲ್ಲ. ಹಚ್ಚಿದರೆ ಬೆಲೆ ಇಳಿಯುತ್ತದಂತೆ.

ಅವುಗಳಲ್ಲಿ ಮೂರು ಸೆಲ್ಲಿನ ಹಿತ್ತಾಳೆಯದೊಂದು ಪಟ್ಟದರಾಣಿ. ಅಂಗಡಿಯಿಂದ ಬಂದ ರಟ್ಟಿನ ಡಬ್ಬಿಯಲ್ಲೇ ಇದೆ, ಒಮ್ಮೆಯೂ ಹೊತ್ತಿಲ್ಲ. ಅದನ್ನು ಮಾರಿದ ದಿನ ಅಡಿಗೆಮನೆಯ ಸೋರುವ ಮಾಳಿಗೆ ರಿಪೇರಿ ಎಂದು ನನಗೆ ಮಾತು ಕೊಟ್ಟಿದ್ದರು. ಮಳೆಗಾಲ ಬಂದಾಗಲೆಲ್ಲ ನಾನು ಆ ಡಬ್ಬಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ.

ಖಾರದ ಊಟ

ಒಂದು ಸಂಜೆ ಊಟಕ್ಕೆ ಕೂತಾಗ ಕರೆಂಟು ಹೋಯಿತು.

"ಒಂದ್ ಬ್ಯಾಟ್ರಿ ಹಚ್ಚಿ ಕೊಡ್ರಿ, ಏನ್ ನೀಡಾಕತ್ತೀನಿ ತಿಳೀವಲ್ದು" ಅಂದೆ.

"ಅವು ಹಚ್ಚೋವಲ್ಲ, ಇಡೋವು. ಬೆಲಿ ಬರ್ತದ ತಡಿ."

ಸರಿ, ಕೈಗೆ ಸಿಕ್ಕ ಡಬ್ಬಿಯಿಂದ ಅಂದಾಜಿನ ಮೇಲೆ ನೀಡಿದೆ. ಶೇಂಗಾ ಚಟ್ನಿಪುಡಿ ಎಂದು ನೀಡಿದ್ದು ಖಾರಪುಡಿ. ರೊಟ್ಟಿ ತುಂಬ ಹಚ್ಚಿಕೊಂಡು ಬಾಯಿಗಿಟ್ಟವರು ಕೆಮ್ಮುತ್ತ, "ನೀರು, ನೀರು ಎಲ್ಲದ?" ಅಂದರು.

"ತಂಬಗಿ ಕಾಣವಲ್ದ್ರಿ. ಬೆಲಿ ಬರೂತನ ತಡೀರಿ" ಅಂದೆ.

ಕಿಲುಬಿನ ಕಿಮ್ಮತ್ತು

ಸುರಪುರದಿಂದ ನಾದಿನಿ ಬಂದಿದ್ದಳು. ಸುಮ್ಮನೆ ಕೂರುವ ಹೆಣ್ಣಲ್ಲ. ಕಪಾಟಿನಲ್ಲಿ ಕಪ್ಪಾಗಿದ್ದ ಒಂದು ಬ್ಯಾಟರಿ ಅವಳ ಕಣ್ಣಿಗೆ ಬಿತ್ತು. ಪಾಪ, ಅಣ್ಣನಿಗೆ ಸಂತೋಷವಾಗಲಿ ಎಂದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಬಂಗಾರದಂತೆ ಹೊಳೆಯಿಸಿ ಇಟ್ಟಳು.

ಸಂಜೆ ಕಚೇರಿಯಿಂದ ಬಂದ ಇವರು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು.

"ಏನ್ ಮಾಡಿದ್ಯವ್ವ ತಂಗಿ. ಹಳೀ ಕಿಲುಬು ಇದ್ರೇ ಅದಕ್ಕ ಕಿಮ್ಮತ್ತು. ತಿಕ್ಕಿದ್ರ ಮುಗೀತು."

ಬಚ್ಚಲಲ್ಲಿ ರಾಶಿ ಬಿದ್ದ ಮುಸುರೆ ಪಾತ್ರೆ ತಿಕ್ಕಲು ಹೊರಟಿದ್ದ ನಾನು ಅಲ್ಲೇ ನಿಂತೆ. "ಹಂಗಂದ್ರ ಈ ಭಾಂಡಿನೂ ಹಂಗೇ ಇರ್ಲಿ ಬಿಡ್ರಿ. ವರ್ಷ ತುಂಬೂದ್ರಾಗ ಸಾವಕಾರ ಆಗ್ತೀವಿ" ಅಂದು ಹೋಗಿ ಮಲಗಿದೆ. ಅವತ್ತು ಭಾಂಡೆ ತಿಕ್ಕಿದವರು ಇವರೇ.

ಕುರಿಗಳ ತಕರಾರು

ಕಕ್ಕೇರಾದ ನನ್ನ ಸೋದರಮಾವ ಕುರಿ ಸಾಕುವವನು. ಅವನ ಬಳಿ ಅವರಪ್ಪನ ಕಾಲದ ಬ್ಯಾಟರಿಯೊಂದಿತ್ತು. ಇವರು ಬಣ್ಣದ ಮಾತಾಡಿ ಅದನ್ನು ಇಸಿದುಕೊಂಡು, ಬದಲಿಗೆ ಚಾರ್ಜ್ ಮಾಡುವ ಹೊಸ ಬ್ಯಾಟರಿ ಕೊಟ್ಟು ಕಳಿಸಿದರು. ಗೆದ್ದವರ ಹಾಗೆ ಮೀಸೆ ತಿರುವಿದ್ದೇ ತಿರುವಿದ್ದು.

ಕೆಲವು ದಿನದಲ್ಲೇ ಮಾವ ತಿರುಗಿ ಬಂದ.

"ಅಳಿಯಂದಿರ, ನನ್ನ ಹಳೀದು ನನಗ ಕೊಟ್ಟುಬಿಡ್ರಿ. ಇದರ ಬೆಳಕು ಬಿಟ್ರ ಲಾರಿ ಬಂತಂತ ಕುರಿ ದಿಕ್ಕಾಪಾಲಾಗಿ ಓಡ್ತಾವ."

"ಈಗ ಅದರ ಬೆಲಿ ಏರ್ಯಾದಲ್ಲ ಮಾವ?"

"ಏರ್ಲಿ ಬಿಡ್ರಿ, ಭಾಳ ಚೊಲೋ ಆತು. ಅದು ನಿಮ್ಮಲ್ಲೇ ಇರ್ಲಿ, ಕುರಿನೂ ನಿಮ್ಮಲ್ಲೇ ಇರ್ಲಿ. ಹೊಡ್ಕೊಂಡೇ ಬಂದೀನಿ."

ಇವರು ಬಾಗಿಲಿಂದ ಇಣುಕಿದರು. ಓಣಿಯ ತುಂಬ ಕುರಿ. ಮುಂದಿನದೊಂದು ನಮ್ಮ ಹೊಸ್ತಿಲಿಗೆ ಕಾಲಿಟ್ಟಾಗಿತ್ತು. ಮಾವ ಹೋಗುವಾಗ ಹಳೆಯದೂ ಅವನ ಕೈಯಲ್ಲಿ, ಹೊಸದೂ ಅವನ ಕೈಯಲ್ಲಿ.

ಅತ್ತೆಯ ಕೈಗುಣ

ಕಡೆಗೂ ಪಟ್ಟದರಾಣಿಗೆ ಗಿರಾಕಿ ಬಂದ. ಯಾದಗಿರಿಯ ಹಳೇ ಸಾಮಾನಿನ ವ್ಯಾಪಾರಿ. ನಾನು ಉಪ್ಪಿಟ್ಟು ಮಾಡಿ, ಚಹಾ ಇಟ್ಟು, ಕಣ್ಣಲ್ಲೇ ಮಾಳಿಗೆ ಅಳೆಯುತ್ತ ನಿಂತೆ. ಅತ್ತೆ ಮೂಲೆಯಲ್ಲಿ ಮೊರ ಹಿಡಿದು ಬೇಳೆ ಆರಿಸುತ್ತಿದ್ದರು.

ಇವರು ಮಗು ಎತ್ತುವ ಹಾಗೆ ಡಬ್ಬಿ ಎತ್ತಿ ತಂದು ಮುಂದಿಟ್ಟರು. ವ್ಯಾಪಾರಿ ಬ್ಯಾಟರಿ ಹೊರಗೆ ತೆಗೆದು ಕೈಯಲ್ಲಿ ತೂಗಿದ.

"ಭಾಳ ವಜನ್ ಅದಲ್ರಿ?"

"ಅಸಲಿ ಹಿತ್ತಾಳಿ ಸಾಹೇಬ್ರ. ಈಗಿನ ತಗಡಲ್ಲ."

"ಹಚ್ಚಿ ತೋರಸ್ರಿ."

"ಹಚ್ಚಿದ್ರ ಹಳೀದಾತಲ್ರಿ. ಹಚ್ಚಿಲ್ಲಂತನೇ ಅದಕ್ಕ ಇಷ್ಟು ಬೆಲಿ."

"ಹಚ್ಚದ ಹತ್ತತದೋ ಇಲ್ಲೋ ಹೆಂಗ್ ಗೊತ್ತಾಗಬೇಕ್ರಿ?"

ಇಬ್ಬರದೂ ಸರಿಯೇ. ಚಹಾ ಆರಿತು, ವಾದ ಆರಲಿಲ್ಲ. ಕಡೆಗೆ ಸೆಲ್ ಹಾಕದೆ ಬರೀ ಗುಂಡಿ ಒತ್ತಿ ನೋಡುವುದೆಂದು ರಾಜಿಯಾಯಿತು. ವ್ಯಾಪಾರಿ ಒತ್ತಿದ. ಗುಂಡಿ ಅಲುಗಲಿಲ್ಲ. ಮತ್ತೆ ಒತ್ತಿದ.

"ಗುಂಡಿ ಕೆಟ್ಟದ್ರಿ. ಇದು ನಮಗ ಬ್ಯಾಡ" ಎಂದು ಕೆಳಗಿಟ್ಟ.

ಇವರ ಮುಖ ಸಣ್ಣದಾಯಿತು. ನಾನು ಮಾಳಿಗೆಯಿಂದ ಕಣ್ಣು ಕೆಳಗಿಳಿಸಿದೆ. ಮಗನ ಮುಖ ನೋಡಲಾರದೆ ಅತ್ತೆ ಮೊರ ಬದಿಗಿಟ್ಟು ಎದ್ದು ಬಂದರು. ಬ್ಯಾಟರಿ ತೆಗೆದುಕೊಂಡರು, ಬುಡಕ್ಕೆ ಅಂಗೈಯಿಂದ ಎರಡು ಏಟು ಹಾಕಿದರು, ಗುಂಡಿಯನ್ನು ಹಿಂದಕ್ಕೆ ಜಗ್ಗಿ ಮುಂದೆ ಒತ್ತಿದರು. ವ್ಯಾಪಾರಿಯ ಮುಖದ ಮೇಲೆ ಬೆಳಕು ಫಳ್ಳಂತ ಬಿತ್ತು.

"ಏನೂ ಕೆಟ್ಟಿಲ್ಲಪ್ಪ, ಗ್ಯಾರಂಟಿ ನಂದು" ಅಂದರು ಅತ್ತೆ. "ದಿನಾ ನಸುಕಿನ್ಯಾಗ ನಳ ಬಂದಾಗ ನಾ ಇದನ್ನೇ ಹಚ್ಕೊಂಡು ಹೋಗ್ತೀನಿ."