ಪಿಕ್ಚರ್ ಟ್ಯೂಬಿಗೆ ಅರಿಶಿನ ಕುಂಕುಮ

ನಮ್ಮ ದೊಡ್ಡಪ್ಪ ಕೈಯಿಟ್ಟ ಯಾವ ವಸ್ತುವೂ ಎರಡನೆಯ ಸಲ ಕೆಟ್ಟದ್ದಿಲ್ಲ. ಎರಡನೆಯ ಸಲ ಕೆಡಬೇಕಾದರೆ ನಡುವೆ ಒಮ್ಮೆ ಸರಿಯಾಗಬೇಕಲ್ಲ!

ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಅವರು ಫಿಟ್ಟರ್. ಅಲ್ಲಿ ಮೇಲೊಬ್ಬ ಫೋರ್‌ಮನ್ ಇದ್ದದ್ದರಿಂದ ಯಂತ್ರಗಳು ಬದುಕಿಕೊಂಡವು. ಮನೆಯಲ್ಲಿ ಕೇಳುವವರು ಯಾರು? ಅವರು ಬಿಚ್ಚಿ ಜೋಡಿಸಿದ ಟೇಬಲ್ ಫ್ಯಾನು ಉಲ್ಟಾ ತಿರುಗತೊಡಗಿ, ಗಾಳಿ ಬೇಕಾದವರು ಅದರ ಬೆನ್ನ ಹಿಂದೆ ಹೋಗಿ ಕೂರಬೇಕಾಯಿತು. "ಅದಕ್ಕೇನೀಗ? ಗೋಡೆ ಕಡೆ ತಿರುಗಿಸಿಟ್ರಾಯ್ತು" ಎಂದರು. ತಿರುಗಿಸಿಟ್ಟೆವು. ಫ್ಯಾನಿಗೆ ನಿಮ್ಮ ಮೇಲೇನು ಮುನಿಸು ಎಂದು ಬಂದ ನೆಂಟರೆಲ್ಲ ಕೇಳುತ್ತಿದ್ದರು.

ನಾನು ಆಗಷ್ಟೇ ಟೈಪಿಸ್ಟ್ ಕೆಲಸಕ್ಕೆ ಸೇರಿ ಅವರ ಮನೆಯಲ್ಲೇ ಇದ್ದೆ. ಟಿವಿಯ ಚಿತ್ರ ದಿನದಿನಕ್ಕೆ ಮಂಕಾಗಿ ಕೊನೆಗೆ ಪೂರ್ತಿ ಆರಿಹೋಯಿತು. ಪಿಕ್ಚರ್ ಟ್ಯೂಬು ಹೋಗಿದೆ, ಬೇರೆ ಹಾಕಬೇಕು ಎಂದ ಮೆಕ್ಯಾನಿಕ್‌ಗೆ ದೊಡ್ಡಪ್ಪ ಕಾಫಿ ಕೊಟ್ಟು ಕಳಿಸಿಬಿಟ್ಟರು.

"ಟ್ಯೂಬ್ ತಾನೇ? ಇಷ್ಟು ವರ್ಷದಿಂದ ಟ್ಯೂಬ್‌ಲೈಟ್ ಹಾಕ್ತಿರೋನು ನಾನು."

ಟಿವಿ ನಮಗೆ ಬರೀ ಹೊತ್ತು ಕಳೆಯುವ ಪೆಟ್ಟಿಗೆ. ದೊಡ್ಡಮ್ಮನಿಗೆ ಹಾಗಲ್ಲ. ಮದುವೆಯಾದ ಹೊಸದರಲ್ಲಿ ಜ್ವರ ಬಂದು ಅವರ ಕಿವಿ ಪೂರ್ತಿ ಹೋಗಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದರು. ನಾವೆಲ್ಲ ಗಡಿಬಿಡಿಯಲ್ಲಿ ಮುಖ ಎತ್ತಲೋ ತಿರುಗಿಸಿಕೊಂಡು ಮಾತಾಡುವವರು. ಅವರ ಕಡೆ ಮುಖ ಮಾಡಿ ಮಾತಾಡುತ್ತಿದ್ದವರು ದೊಡ್ಡಪ್ಪ, ಬಿಟ್ಟರೆ ಶನಿವಾರ ಸಂಜೆಯ ಕನ್ನಡ ಸಿನಿಮಾದ ಜನ. "ಈ ಶನಿವಾರದ ಪಿಕ್ಚರ್ ನೀನು ನೋಡ್ತೀಯ ಕಣೇ" ಎಂದು ದೊಡ್ಡಪ್ಪ ಮಾತು ಕೊಟ್ಟರು. ದೊಡ್ಡಮ್ಮ ನಂಬಿದರು. ಆ ಮನೆಯಲ್ಲಿ ದೊಡ್ಡಪ್ಪನ ರಿಪೇರಿಯನ್ನು ನಂಬುತ್ತಿದ್ದವರು ಅವರೊಬ್ಬರೇ.

ಎಲ್ಲೋ ಹುಡುಕಿ ಒಂದು ಟ್ಯೂಬು ತಂದರು. ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಎದೆಗವಚಿಕೊಂಡು ಬಸ್ ಹತ್ತಿದಾಗ ಒಬ್ಬಾಕೆ ಎದ್ದು ಸೀಟು ಬಿಟ್ಟುಕೊಟ್ಟಳಂತೆ.

"ಎಷ್ಟು ತಿಂಗಳು ಸಾರ್ ಮಗೂಗೆ?"

"ಇಪ್ಪತ್ತು ಇಂಚು ಕಣಮ್ಮ."

ಆಕೆ ಮುಂದಿನ ಸ್ಟಾಪಿನಲ್ಲೇ ಇಳಿದುಹೋದಳಂತೆ.

ಶನಿವಾರ ರಜೆ ಹಾಕಿ, ರಾಹುಕಾಲ ಕಳೆದ ಮೇಲೆ ದೊಡ್ಡಪ್ಪ ಕೆಲಸಕ್ಕೆ ಕೂತರು. ಆಯುಧಪೂಜೆಯ ದಿನ ಲೇತ್ ಮೆಷಿನ್ನಿಗೆ ಹಚ್ಚುವಂತೆ ಟ್ಯೂಬಿಗೂ ಅರಿಶಿನ ಕುಂಕುಮ ಕಲಸಿ ಹಚ್ಚಿದರು. ಮುಂದೆ ಹಚ್ಚಿದರೆ ಚಿತ್ರಕ್ಕೆ ಅಡ್ಡ ಬಂದೀತೆಂದು ಹಿಂದೆ ಹಚ್ಚಿದರು. ಎಂಥ ಮುಂದಾಲೋಚನೆ! ಎಲ್ಲ ಜೋಡಿಸಿ ಸ್ವಿಚ್ ಹಾಕಿದರೆ ಮಾತು ಬಂತು, ಚಿತ್ರ ಬರಲಿಲ್ಲ.

ಆಂಟೆನಾ ತಿರುಗಿಸಲು ಟೆರೇಸ್ ಹತ್ತಿದರು. "ಬಂತಾ?" ಎಂದು ಅವರು ಕೂಗುವುದು, "ಇಲ್ಲಾ" ಎಂದು ನಾನು ಕೂಗುವುದು. ಎದುರುಮನೆಯವರು ಕಿಟಕಿಯಿಂದ, "ನಮ್ಮನೇಲಿ ಚೆನ್ನಾಗಿ ಬರ್ತಿದೆ ಸಾರ್" ಎಂದರು. ಮಾತು ಬರುತ್ತಿರುವಾಗ ಆಂಟೆನಾದ್ದೇನು ತಪ್ಪು ಎಂದು ನಾನು ಕೇಳಿದೆ. "ನಿಂಗೆ ಟೈಪಿಂಗ್ ಬರುತ್ತೆ, ಅಷ್ಟು ನೋಡ್ಕೋ" ಎಂದರು. ಮೂರು ಸಲ ಬಿಚ್ಚಿ ಜೋಡಿಸಿದರು. ಮೂರು ಸಲವೂ ಒಂದೊಂದು ಸ್ಕ್ರೂ ಮಿಕ್ಕಿತು.

ಸೋಮವಾರ ಮೆಕ್ಯಾನಿಕ್ ಬಂದು ಹಿಂಬದಿ ಬಿಚ್ಚಿದ. ಟ್ಯೂಬಿನ ಪಿನ್ನುಗಳಿಗೆ ಮೆತ್ತಿ ಒಣಗಿದ್ದ ಅರಿಶಿನ ಕುಂಕುಮವನ್ನು ಒರೆಸಿ ತೆಗೆದು ಸಾಕೆಟ್ ಸಿಕ್ಕಿಸಿದ. ಚಿತ್ರ ಬಂತು. "ಪೂಜೆ ಮಾಡಿ ಸಾರ್, ಬೇಡ ಅನ್ನಲ್ಲ. ಕರೆಂಟ್ ಹೋಗೋ ದಾರೀಲಿ ಮಾಡಿದ್ರೆ ಹೆಂಗೆ?" ಎಂದ. ದೊಡ್ಡಪ್ಪ ಅವನಿಗೆ ಇನ್ನೊಂದು ಕಾಫಿ ಕೊಟ್ಟರು.

ಅದು ಸೋಮವಾರದ ಮಾತು. ನಾನು ಇಂದಿಗೂ ಮರೆಯದಿರುವುದು ಆ ಶನಿವಾರದ ಸಂಜೆಯನ್ನು. ಸಿನಿಮಾ ಶುರುವಾಗಿತ್ತು. ಪರದೆ ಕಪ್ಪು, ಮಾತು ಮಾತ್ರ ಕೇಳುತ್ತಿತ್ತು. ದೊಡ್ಡಮ್ಮ ಎಂದಿನಂತೆ ತಲೆ ಬಾಚಿ, ಹೂ ಮುಡಿದು ಚಾಪೆಯ ಮೇಲೆ ಕೂತಿದ್ದರು. ದೊಡ್ಡಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟರು. ಟಿವಿಗೆ ಬೆನ್ನು ಮಾಡಿ ಹೆಂಡತಿಯ ಎದುರು ಕೂತು, ಕಿವಿಗೆ ಬಿದ್ದ ಮಾತನ್ನೆಲ್ಲ ತುಟಿಯಲ್ಲಿ ಬಿಡಿಸಿ ಬಿಡಿಸಿ ಹೇಳತೊಡಗಿದರು. ನಾಯಕಿಯ ಮಾತಿಗೆ ತಲೆಯ ಮೇಲೆ ಟವೆಲಿನ ಸೆರಗು, ವಿಲನ್ನಿನ ಮಾತಿಗೆ ಮೀಸೆಯ ಮೇಲೆ ಕೈ. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಂದು ಹೊತ್ತಿನಲ್ಲಿ ಟಿವಿಯೊಳಗೆ ವಿಲನ್ ಯಾರನ್ನೋ ಕೊಂದೇಬಿಡುತ್ತೇನೆಂದು ಅಬ್ಬರಿಸುತ್ತಿದ್ದ. ದೊಡ್ಡಪ್ಪ ಮೀಸೆಯ ಮೇಲೆ ಕೈಯಿಟ್ಟರು. ಆದರೆ ತುಟಿ ಬೇರೇನೋ ಹೇಳುತ್ತಿತ್ತು. ಅವರ ಮನೆಯಲ್ಲಿದ್ದು ನನಗೂ ತುಟಿ ಓದಲು ಅಷ್ಟಿಷ್ಟು ಬಂದಿತ್ತು.

"ನಿಂಗೆ ಇದ್ದಿದ್ದೇ ಇದೊಂದು. ಅದನ್ನೂ ಕೆಡಿಸ್ಬಿಟ್ಟೆ ಕಣೇ."

ನನಗೆ ಬೆಳಗಿನಿಂದ ನಕ್ಕದ್ದಕ್ಕೆ ನಾಚಿಕೆಯಾಯಿತು. ದೊಡ್ಡಮ್ಮ ಮುಂದೆ ಬಾಗಿ ಸೆರಗಿನಿಂದ ಅವರ ಮುಖ ಒರೆಸಿದರು.

"ಸರಿಯಾಗಿ ಮಾಡಿ. ವಿಲನ್ ಎಲ್ಲಾದ್ರೂ ಅಳ್ತಾನೇನ್ರೀ?"